ಕಾಸರಗೋಡಿನಿಂದ ಟೈ, ಬೆಲ್ಟ್‌ಗಳ ಆನ್‌ಲೈನ್ ಮಾರಾಟ

ಪ್ರಶ್ನೆ: ಮಾನ್ಯರೇ, ಕಾಸರಗೋಡಿನ ನಮ್ಮ ಮನೆಯಿಂದಲೇ ಟೈ, ಬೆಲ್ಟ್, ಕಫ್‌ಲಿಂಕ್‌ಗಳನ್ನು ಆನ್‌ಲೈನಿನಲ್ಲಿ ಮಾರಬೇಕೆಂದಿದ್ದೇನೆ. ಗಿರಾಕಿಗಳಲ್ಲಿ ಹೆಚ್ಚಿನವರು ಮಂಗಳೂರಿನವರೇ ಆಗಬಹುದಾದ್ದರಿಂದ, ಆರಂಭದಲ್ಲೇ ಜಿಎಸ್‌ಟಿ ನೋಂದಣಿ ಬೇಕಾಗುವುದೇ?

ಉತ್ತರ: ಬೇಕಾಗುತ್ತದೆ. ಸರಕು ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿದರೆ ಅದು ಅಂತರರಾಜ್ಯ ಮಾರಾಟವೆನಿಸುವುದರಿಂದ, ವಹಿವಾಟು ಎಷ್ಟೇ ಚಿಕ್ಕದಿದ್ದರೂ ಇಂತಹ ವಸ್ತುಗಳಿಗೆ ನೋಂದಣಿ ಕಡ್ಡಾಯ. ಕೇರಳದೊಳಗೆ ಮಾತ್ರ ಮಾರುವ ಸಣ್ಣ ವ್ಯಾಪಾರಿಗಳಿಗೆ, ಮಾರಾಟ ಜಾಲತಾಣಗಳ ಮೂಲಕ ಮಾರಿದರೂ, 2023ರ ಅಕ್ಟೋಬರ್ 1ರಿಂದ ವಿನಾಯಿತಿಯಿದೆ. ಆದರೆ ಹಾಗೆ ಜಾಲತಾಣಗಳ ಮೂಲಕ ಮಾರುವವರು ನೋಂದಣಿಯ ಬದಲು ಜಿಎಸ್‌ಟಿ ಪೋರ್ಟಲಿನಲ್ಲಿ ದಾಖಲಾತಿ ಸಂಖ್ಯೆಯನ್ನು (ಎನ್‌ರೋಲ್‌ಮೆಂಟ್ ನಂಬರ್) ಪಡೆಯಲೇಬೇಕು.

ಇನ್ನೊಂದು ಉತ್ತರ: ತೆರಿಗೆಯ ಮಾತು ಸರಿ, ಸರಕಿನ ಬಗ್ಗೆಯೂ ಯೋಚಿಸಿರಿ. ನಮ್ಮ ಕರಾವಳಿಯ ಸೆಕೆಯಲ್ಲಿ ಮದುಮಗನನ್ನು ಬಿಟ್ಟರೆ ಟೈ ಕಟ್ಟುವವರು ಕಡಿಮೆ; ಬೆಲ್ಟೇ ಮೇಲು. ಬಕಲಿನ ಬುಡದಿಂದ ನಡುವಿನ ತೂತಿನವರೆಗಿನ ಅಳತೆಯನ್ನು ಚಿತ್ರದೊಂದಿಗೆ ಸ್ಪಷ್ಟವಾಗಿ ತೋರಿಸದಿದ್ದರೆ, ಹಿಂತಿರುಗುವ ಪಾರ್ಸೆಲ್‌ಗಳ ಸಾಗಣೆ ವೆಚ್ಚವೇ ಲಾಭವನ್ನೆಲ್ಲ ನುಂಗಿಬಿಡುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಹಾಗಾದರೆ ನೋಂದಣಿ ಮುಗಿಸಿ, ಬೆಲ್ಟ್‌ಗಳಿಂದಲೇ ಆರಂಭಿಸುತ್ತೇನೆ.