ಮಳೆಗಾಲದ ಕೊಡಗಿಗೆ ಆಗಿಬರುವ ಹೊಸ ಸಂಶೋಧನೆ ಯಾವುದಾದರೂ ಇದೆಯಾ?

ಮಾದಾಪುರದವನು:
ಎಲ್ಲರಿಗೂ ನಮಸ್ಕಾರ. ಜೂನ್ ಬಂತೆಂದರೆ ನಮಗೆ ಎರಡು ತಲೆನೋವು. ಮರ ಬಿದ್ದು ಕರೆಂಟ್ ಹೋದರೆ ಮತ್ತೆ ಬರಲು ಮೂರು ನಾಲ್ಕು ದಿನ. ಇನ್ನೊಂದು ಬಟ್ಟೆ. ಮಗಳ ಯೂನಿಫಾರ್ಮ್ ಒಲೆ ಮೇಲೆ ಕಟ್ಟಿದ ಹಗ್ಗದಲ್ಲೇ ಒಣಗಬೇಕು, ಪಕ್ಕದಲ್ಲಿ ಕೂರುವ ಹುಡುಗಿ "ನಿನ್ನ ಮೇಲೆ ಹೊಗೆಗೆ ಇಟ್ಟ ಹಂದಿ ಮಾಂಸದ ವಾಸನೆ" ಅಂದಳಂತೆ. ಸೋಲಾರ್ ಹಾಕಿಸೋಣ ಅಂತಿದ್ದೆ. ಬೆಂಗಳೂರಿನಲ್ಲಿರುವ ತಮ್ಮ ಫೋನ್ ಮಾಡಿ, ಪೆರೋವ್‌ಸ್ಕೈಟ್ ಅನ್ನುವ ಹರಳಿನ ಹೊಸ ಪ್ಯಾನಲ್ ಬರ್ತಿದೆ, ತಡಿ ಅಂದ. ಕಾಯೋದಾ, ಬೇಡವಾ?

ಸೋಮವಾರಪೇಟೆ ಮೇಷ್ಟ್ರು:
ಕಾಯಬೇಡಿ. ನಿಮ್ಮ ತಮ್ಮ ಹೇಳಿದ್ದು ಸುಳ್ಳಲ್ಲ. 2009ರಲ್ಲಿ ಜಪಾನಿನ ಮಿಯಾಸಾಕ ತಂಡ ಇದನ್ನು ಮೊದಲು ಮಾಡಿ ತೋರಿಸಿದಾಗ ಬಿದ್ದ ಬೆಳಕಿನಲ್ಲಿ ಶೇ. 3.8 ಮಾತ್ರ ಕರೆಂಟ್ ಆಗುತ್ತಿತ್ತು. 2024ರಲ್ಲಿ ಚೀನಾದ ಲೋಂಗಿ ಕಂಪನಿ ಈಗಿನ ಪ್ಯಾನಲ್‌ಗಳಲ್ಲಿರುವ ಸಿಲಿಕಾನ್ ಮೇಲೆ ಇದರ ಪದರ ಕೂರಿಸಿ ಶೇ. 34.6 ಮುಟ್ಟಿಸಿತು. ಬರೀ ಸಿಲಿಕಾನ್ ಆದರೆ ಎಷ್ಟೇ ಹೆಣಗಿದರೂ 29ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಮೇಲಿನ ಪದರ ನೀಲಿ ಕಡೆಯ ಬೆಳಕು ಹಿಡಿಯುತ್ತದೆ, ಕೆಂಪು ಕಡೆಯದು ಕೆಳಗಿಳಿದು ಸಿಲಿಕಾನ್‌ಗೆ ಸಿಗುತ್ತದೆ. ಆದರೆ ಆ 34.6 ಲ್ಯಾಬಿನ ಪುಟ್ಟ ಬಿಲ್ಲೆಯ ಲೆಕ್ಕ, ಮೇಲಾಗಿ ಪೆರೋವ್‌ಸ್ಕೈಟ್‌ಗೆ ತೇವ ಕಂಡರೆ ಆಗುವುದಿಲ್ಲ, ನೀರಾವಿ ನುಸುಳಿದರೆ ಹರಳೇ ಕೆಡುತ್ತದೆ. ನಮ್ಮ ಮನೆಯ ಗೋಡೆ ಗಡಿಯಾರದ ಗಾಜಿನ ಒಳಗೇ ಬೂಷ್ಟು ಬಂದಿದೆ ಸ್ವಾಮಿ! ಜುಲೈ ಮಂಜಿನಲ್ಲಿ ಯಾವ ಪ್ಯಾನಲ್ಲೂ ಮಂಕೇ. ಫೆಬ್ರವರಿಯಲ್ಲಿ ಕಾಫಿ ಹೂವಿಗೆ ನೀರು ಹಾಯಿಸುವ ಪಂಪಿಗಾದರೆ ಈಗಿನ ಸಿಲಿಕಾನೇ ಸಾಕು.

ಕಣದ ಹುಡುಗಿ:
ಅಣ್ಣ, ನಿಮ್ಮ ಬಟ್ಟೆ ಕಷ್ಟಕ್ಕೆ ನನ್ನ ಹತ್ತಿರ ಒಂದಿದೆ. 2025ರ ಕೆಮಿಸ್ಟ್ರಿ ನೊಬೆಲ್ ಕಿತಗಾವ, ರಾಬ್ಸನ್, ಯಾಘಿ ಅನ್ನುವ ಮೂವರಿಗೆ ಬಂತಲ್ಲ, ಅದು. ಮೆಟಲ್-ಆರ್ಗ್ಯಾನಿಕ್ ಫ್ರೇಮ್‌ವರ್ಕ್ ಅಂತ ಹೆಸರು. ಲೋಹವನ್ನು ಗಂಟು ಮಾಡಿ, ಇಂಗಾಲದ ಅಣುಗಳನ್ನು ಕಡ್ಡಿ ಮಾಡಿ ಬುಟ್ಟಿ ಹೆಣೆದ ಹಾಗೆ ಹೆಣೆದ ಹರಳು. ಒಳಗೆಲ್ಲ ಖಾಲಿ ಗೂಡು. ಒಂದೆರಡು ಗ್ರಾಂ ಪುಡಿಯ ಒಳಮೈ ಬಿಡಿಸಿ ಹಾಸಿದರೆ ಫುಟ್‌ಬಾಲ್ ಮೈದಾನದಷ್ಟು! ರಾತ್ರಿ ಮರುಭೂಮಿಯ ಗಾಳಿಯಿಂದ ನೀರಾವಿ ಹೀರಿಕೊಂಡು ಹಗಲು ಬಿಸಿಲಿಗೆ ನೀರಾಗಿ ಬಿಡುತ್ತದೆ. ನಮಗೆ ಬೇಕಿರುವುದು ಉಲ್ಟಾ, ನೀರು ಚೆಲ್ಲಿ ಒಣ ಗಾಳಿ ಇಟ್ಟುಕೊಳ್ಳಬೇಕು. ಶೂ ಡಬ್ಬದಲ್ಲಿ ಪುಟ್ಟ ಪೊಟ್ಟಣವಾಗಿ ಬರುವ ಸಿಲಿಕಾ ಜೆಲ್ಲೂ ಹೀರುತ್ತದೆ, ಆದರೆ ಅದನ್ನು ಮತ್ತೆ ಒಣಗಿಸಲು ಜಾಸ್ತಿ ಬಿಸಿ ಬೇಕು. ಇವುಗಳಲ್ಲಿ ಕೆಲವು ಕಮ್ಮಿ ಬಿಸಿಗೇ ನೀರು ಬಿಟ್ಟುಕೊಡುತ್ತವೆ.

ನನಗೆ ಇದರ ಆಸೆ ಯಾಕೆ ಅಂದರೆ, ಒಂದು ವರ್ಷ ಜನವರಿಯಲ್ಲಿ ಕಣದ ತುಂಬಾ ಕಾಫಿ ಹರಡಿದ್ದಾಗ ಮಳೆ ಹಿಡಿಯಿತು. ಮೂರು ದಿನ ಟಾರ್ಪಾಲ್ ಮುಚ್ಚಿಟ್ಟೆವು. ತೆಗೆದರೆ ಮುಖಕ್ಕೆ ಬಿಸಿ ಹಬೆ, ಹುಳಿ ವಾಸನೆ, ಹಣ್ಣಿನ ಮೇಲೆಲ್ಲ ಬಿಳಿ ಬೂಷ್ಟು. ಅಪ್ಪ ಒಂದು ಹಿಡಿ ತೆಗೆದು ಮೂಸಿ, ಏನೂ ಮಾತಾಡದೆ ಒಳಗೆ ಹೋದರು.

ನಾಪೋಕ್ಲು ತೋಟ:
ಒಣಗಿಸೋದು ಆಮೇಲೆ ತಂಗಿ, ಮೊದಲು ಗಿಡ ಉಳಿಯಬೇಕಲ್ವಾ? ಸ್ಟೆನೋಫಿಲ್ಲ ಅನ್ನುವ ಕಾಡುಕಾಫಿ 2018ರಲ್ಲಿ ಸಿಯೆರಾ ಲಿಯೋನ್ ಕಾಡಿನಲ್ಲಿ ಮತ್ತೆ ಸಿಕ್ಕಿತು. ಅರೇಬಿಕಾಗಿಂತ ಆರು ಡಿಗ್ರಿಯಷ್ಟು ಜಾಸ್ತಿ ಸೆಕೆಯಲ್ಲಿ ಬೆಳೆಯುತ್ತದೆ, ರುಚಿ ಅರೇಬಿಕಾದ್ದೇ ಅಂತ 2021ರಲ್ಲಿ ಕುಡಿದು ನೋಡಿದವರು ಹೇಳಿದರು. ಹಣ್ಣು ಕಪ್ಪು, ಇಳುವರಿ ಕಮ್ಮಿ. ನಮ್ಮ ಕಾಂಡಕೊರಕ ಅದಕ್ಕೆ ಏನು ಮರ್ಯಾದೆ ಕೊಡುತ್ತದೋ ನೋಡಬೇಕು. ಹೊಸ ತಳಿ ಅಂದ ಕೂಡಲೇ ಇದ್ದ ಗಿಡ ಕಿತ್ತು ಕೈ ಸುಟ್ಟುಕೊಂಡವನು ನಾನು, ಹಾಗಾಗಿ ಅವಸರ ಇಲ್ಲ.

ಮಾದಾಪುರದವನು:
ಎಲ್ಲರಿಗೂ ಥ್ಯಾಂಕ್ಸ್. ಪಂಪಿಗೆ ಮಾಮೂಲಿ ಸೋಲಾರ್ ಅಂತ ಆಯಿತು, ತಮ್ಮನಿಗೂ ಹೇಳಿದೆ. ಮಗಳು ಮಾತ್ರ ಆ ಪುಡಿ ಗೋಣಿಕೊಪ್ಪದ ಅಂಗಡಿಗೆ ಯಾವಾಗ ಬರುತ್ತೆ ಅಂತ ಪ್ರಾಣ ತಿನ್ನುತ್ತಿದ್ದಾಳೆ. ನಿನ್ನೆಯ ಸಾಕ್ಸ್ ಇನ್ನೂ ಒಲೆ ಮೇಲೇ ನೇತಾಡ್ತಿದೆ.