1080ಪಿ ಸಾಕಾ, 2560×1600 ತಗೊಳ್ಳಲಾ? ಆಟ, ಓದು ಎರಡಕ್ಕೂ ಬೇಕು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎರಡು ಲ್ಯಾಪ್‌ಟಾಪ್ ನೋಡಿಟ್ಟಿದ್ದೇನೆ. ಎರಡರಲ್ಲೂ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡು, 16 ಜಿಬಿ ರ‍್ಯಾಮ್. ಒಂದರ ಸ್ಕ್ರೀನ್ 15.6 ಇಂಚು, 1920×1080 (ಅದೇ 1080ಪಿ). ಇನ್ನೊಂದರದು 16 ಇಂಚು, 2560×1600, ಬೆಲೆ ಎಂಟು ಸಾವಿರ ಜಾಸ್ತಿ. ಹಗಲೆಲ್ಲ ಕೋಡಿಂಗ್, ಕನ್ನಡ ಟೈಪಿಂಗ್. ರಾತ್ರಿ ವ್ಯಾಲರಂಟ್, ಸೈಬರ್‌ಪಂಕ್. ರೆಸಲ್ಯೂಶನ್ ಜಾಸ್ತಿಯಾದರೆ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಬಿದ್ದುಹೋಗುತ್ತೆ ಅಂತ ಸ್ನೇಹಿತರು ಹೆದರಿಸುತ್ತಿದ್ದಾರೆ. ಅದಕ್ಕೇ ಅಂಗಡಿಯಲ್ಲಿ ಎರಡನೆಯದನ್ನು 1920×1080ಕ್ಕೆ ಇಳಿಸಿ ನೋಡಿದೆ. ಅಕ್ಷರವೆಲ್ಲ ಮಸುಕು, ಮೇಲೆ ಕೆಳಗೆ ಕಪ್ಪು ಪಟ್ಟಿ ಬೇರೆ. ಸ್ಕ್ರೀನೇ ಸರಿಯಿಲ್ವಾ?

ಉತ್ತರ

ಸ್ಕ್ರೀನ್ ಸರಿಯಾಗಿಯೇ ಇದೆ. ಅದರ ಅಗಲ-ಎತ್ತರದ ಅನುಪಾತ 16:10, ನೀವು ಇಟ್ಟಿದ್ದು 16:9. ಅದಕ್ಕೇ ಕಪ್ಪು ಪಟ್ಟಿ. ಮಸುಕಿಗೂ ಕಾರಣ ಇದೆ. 1920 ಚುಕ್ಕಿಗಳನ್ನು (ಪಿಕ್ಸೆಲ್) 2560ಕ್ಕೆ ಹರಡಬೇಕು ಅಂದರೆ ಮೂರು ಚುಕ್ಕಿಯ ಚಿತ್ರವನ್ನು ನಾಲ್ಕು ಚುಕ್ಕಿಗೆ ಹಂಚಬೇಕು. ಸರಿಯಾಗಿ ಪಾಲಾಗಲ್ಲ, ಅಂಚುಗಳು ಕಲಸಿಹೋಗುತ್ತವೆ.

ವಿಂಡೋಸ್‌ನ ರೆಸಲ್ಯೂಶನ್ ಇಳಿಸಲೇಬೇಡಿ. 2560×1600 ಹಾಗೇ ಇರಲಿ, ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಸ್ಕೇಲ್ 150 ಪರ್ಸೆಂಟ್ ಮಾಡಿ. ಅಕ್ಷರ ದೊಡ್ಡದಾಗುತ್ತೆ, ಚೂಪಾಗಿಯೂ ಇರುತ್ತೆ. ಮೊದಲನೆಯದರಲ್ಲಿ ಇಂಚಿಗೆ ಸುಮಾರು 141 ಚುಕ್ಕಿ, ಎರಡನೆಯದರಲ್ಲಿ 189. ಇಂಗ್ಲಿಷ್ ಓದುವಾಗ ಈ ವ್ಯತ್ಯಾಸ ಅಷ್ಟಾಗಿ ಕಾಣದೇ ಇರಬಹುದು, ಕನ್ನಡದಲ್ಲಿ ಎದ್ದು ಕಾಣುತ್ತೆ. ‘ರಾಷ್ಟ್ರ’, ‘ಲಕ್ಷ್ಮಿ’ ಅಂತ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿ ಎರಡರಲ್ಲೂ ನೋಡಿ. 1080ಪಿಯಲ್ಲಿ ಒತ್ತಕ್ಷರದ ಒಳಗಿನ ಖಾಲಿ ಜಾಗ ಮುಚ್ಚಿಹೋಗಿ ಕಪ್ಪು ಉಂಡೆಯಾಗುತ್ತೆ. ಹಗಲೆಲ್ಲ ಅದನ್ನೇ ಓದುವ ಕಣ್ಣಿಗೆ ಇದು ಸಣ್ಣ ವಿಷಯ ಅಲ್ಲ.

ಈಗ ಆಟದ ಮಾತು. ನಿಮ್ಮ ಸ್ನೇಹಿತರು ಹೇಳಿದ್ದು ಪೂರ್ತಿ ಸುಳ್ಳಲ್ಲ. 2560×1600ರಲ್ಲಿ ಚುಕ್ಕಿಗಳ ಸಂಖ್ಯೆ 1080ಪಿಯ ಹೆಚ್ಚುಕಡಿಮೆ ಎರಡರಷ್ಟು. ಆದರೆ ಸೈಬರ್‌ಪಂಕ್‌ನಲ್ಲಿ ಡಿಎಲ್‌ಎಸ್‌ಎಸ್ ಇದೆ, ಅಂದರೆ ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಆಮೇಲೆ ದೊಡ್ಡದು ಮಾಡುವ ತಂತ್ರ. ಅದನ್ನು ‘ಕ್ವಾಲಿಟಿ’ಗೆ ಇಟ್ಟರೆ ಕಾರ್ಡು ಒಳಗೆ ಬಿಡಿಸುವುದು ಸುಮಾರು 1707×1067 ಮಾತ್ರ. ಅಂದರೆ 1080ಪಿಗಿಂತ ಸ್ವಲ್ಪ ಕಡಿಮೆಯೇ! ದೊಡ್ಡದು ಮಾಡುವ ಕೆಲಸಕ್ಕೆ ಒಂದಿಷ್ಟು ಖರ್ಚಾಗುತ್ತೆ ನಿಜ, ಆದರೂ ಎಫ್‌ಪಿಎಸ್ ಅರ್ಧಕ್ಕೆ ಇಳಿಯುವ ಭಯ ಬೇಡ. ವ್ಯಾಲರಂಟ್ ಹಗುರದ ಆಟ, ಅದಕ್ಕೆ ಈ ಕಾರ್ಡು ಧಾರಾಳ. ಡಿಎಲ್‌ಎಸ್‌ಎಸ್ ಇಲ್ಲದ ಭಾರೀ ಆಟ ಸಿಕ್ಕಿದರೆ, ಆ ಆಟದೊಳಗೆ ಮಾತ್ರ 1920×1200 ಇಡಿ. ಪಟ್ಟಿ ಬರಲ್ಲ. ಸ್ವಲ್ಪ ಮೆದುವಾಗಿ ಕಾಣುತ್ತೆ, ಆದರೆ ಓಡುತ್ತಿರುವ ಚಿತ್ರದಲ್ಲಿ ಅಕ್ಷರದಷ್ಟು ಕಣ್ಣಿಗೆ ಹೊಡೆಯಲ್ಲ.

ಆಟದ ರೆಸಲ್ಯೂಶನ್ ಬೇಕೆಂದಾಗ ಇಳಿಸಬಹುದು, ಇಲ್ಲದ ಚುಕ್ಕಿಯನ್ನು ಓದುವಾಗ ಎಲ್ಲಿಂದ ತರುತ್ತೀರಿ? ನಿಮ್ಮ ಬಳಕೆಗೆ ನಾನಾದರೆ ಎರಡನೆಯದನ್ನೇ ತಗೊಳ್ಳುತ್ತೇನೆ. 4ಕೆ (ಇದಕ್ಕಿಂತಲೂ ಹೆಚ್ಚು ಚುಕ್ಕಿಯ ಸ್ಕ್ರೀನ್) ಮಾತ್ರ ಬೇಡ. ಈ ಅಳತೆಯ ಸ್ಕ್ರೀನಿಗೆ ಅದು ದುಡ್ಡು ದಂಡ, ಬ್ಯಾಟರಿಗೂ ಹೊರೆ.

ಇನ್ನೊಬ್ಬರು

ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ರೆಸಲ್ಯೂಶನ್ ಒಂದನ್ನೇ ನೋಡಬೇಡಿ ಸರ್. ಬರೀ ಶೂಟಿಂಗ್ ಆಟ ಆಡುವವರಿಗೆ ಒಳ್ಳೆಯ 1080ಪಿ ಸ್ಕ್ರೀನ್ ಧಾರಾಳ ಸಾಕು. ತೊಂದರೆ ಅಂದರೆ, ಕಡಿಮೆ ಬೆಲೆಯ ಎಷ್ಟೋ 1080ಪಿ ಮಾಡೆಲ್‌ಗಳಲ್ಲಿ ‘45% ಎನ್‌ಟಿಎಸ್‌ಸಿ’ ಸ್ಕ್ರೀನ್ ಇರುತ್ತೆ, ಬಣ್ಣವೆಲ್ಲ ಸಪ್ಪೆ. ‘100% ಎಸ್‌ಆರ್‌ಜಿಬಿ’ ಅಂತ ಬರೆದಿದೆಯಾ ನೋಡಿ. ಎರಡೂ ಸ್ಕ್ರೀನ್ ಎಷ್ಟು ಬಣ್ಣ ತೋರಿಸುತ್ತೆ ಅನ್ನುವ ಅಳತೆಗಳು. ಕಾರ್ಡಿನ ವ್ಯಾಟೇಜ್ ಕೂಡ ಕೇಳಿ. ಲ್ಯಾಪ್‌ಟಾಪಿನ 4060 ಅಂದರೆ 35ರಿಂದ 115 ವ್ಯಾಟ್‌ವರೆಗೆ ಯಾವುದೂ ಆಗಬಹುದು. ಹೆಸರು ಒಂದೇ ಇದ್ದರೂ ವೇಗದಲ್ಲಿ ತುಂಬಾ ಅಂತರ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಥ್ಯಾಂಕ್ಸ್. 150 ಸ್ಕೇಲ್ ಇಟ್ಟು ಮನೆಯ 24 ಇಂಚಿನ 1080ಪಿ ಮಾನಿಟರ್‌ಗೆ ಹಾಕಿದರೆ ಅಲ್ಲಿ ಎಲ್ಲ ದಪ್ಪದಪ್ಪ ಕಾಣಲ್ವಾ?

ಉತ್ತರ

ಇಲ್ಲ. ವಿಂಡೋಸ್ 10, 11ರಲ್ಲಿ ಪ್ರತಿ ಸ್ಕ್ರೀನಿಗೂ ಬೇರೆ ಬೇರೆ ಸ್ಕೇಲ್ ಇಡಬಹುದು. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಮಾನಿಟರ್ ಇರುವ ಚೌಕ ಒತ್ತಿ, 100 ಆರಿಸಿ. ಕೆಲವು ಹಳೇ ಸಾಫ್ಟ್‌ವೇರ್‌ಗಳು ಒಂದು ಸ್ಕ್ರೀನಿನಿಂದ ಇನ್ನೊಂದಕ್ಕೆ ಎಳೆದಾಗ ಮಸುಕಾಗುತ್ತವೆ. ಮುಚ್ಚಿ ಮತ್ತೆ ತೆರೆದರೆ ಸಾಮಾನ್ಯವಾಗಿ ಸರಿಹೋಗುತ್ತೆ. ಮಾನಿಟರ್‌ನಲ್ಲಿ ಆಡುವಾಗ ಆಟದೊಳಗೆ 1920×1080 ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.