ತೋಟದ ನಿವಾಸಿಗಳು: ಬೇಲಿ ವಿಷಯ ಮಾತ್ರ, ದಯವಿಟ್ಟು

ಹಲಸಿನಮನೆ, ಬೆಳಗ್ಗೆ 5:12
ಎಲ್ಲರೂ ಏಳಿ. ಮೇಲಿನ ಗೇಟ್ ಪಕ್ಕ ಬೇಲಿ ಮಲಗಿದೆ. ಎರಡು ಆನೆ, ಜೊತೆಗೊಂದು ಮರಿ. ಕೆಳಹೊಲದ ರಾಗಿ ಅರ್ಧ ಹೋಯ್ತು, ನನ್ನ ಬಾಳೆ ಒಂದೂ ಉಳಿದಿಲ್ಲ. ರಾತ್ರಿಯಿಡೀ ಮಕ್ಕಳನ್ನ ಅಡುಗೆಮನೇಲಿ ಕೂರಿಸ್ಕೊಂಡು ಕೂತಿದ್ದೆ. ಈಗ ಹೋಗಿ ನೋಡಿದ್ರೆ ಸೋಲಾರ್ ಬೇಲಿ ಸ್ವಿಚ್ ಆಫ್! ಯಾರ್ರೀ ಅದು?

ಬೇವಿನಮನೆ, 5:40
ಸ್ವಿಚ್ ವಿಷಯ ಆಮೇಲೆ ನೋಡೋಣ. ಆನ್ ಇದ್ದಿದ್ರೆ ಏನಾಗ್ತಿತ್ತು? ಲಂಟಾನ ಬೆಳೆದು ತಂತಿಗೆ ತಗುಲಿದೆ, ಕರೆಂಟೆಲ್ಲ ನೆಲಕ್ಕಿಳಿದು ಹೋಗುತ್ತೆ. ಗೌರಿ ಹಬ್ಬದಿಂದ ಬಾಯಿ ಬಡ್ಕೊಂಡೆ. ಪೂರ್ವದ ಬದಿ ಕಳೆ ತೆಗೆಯೋ ಪಾಳಿ ಯಾರದ್ದು ಅಂತ ಎಲ್ರಿಗೂ ಗೊತ್ತು. ನಾನು ಹೆಸರು ಹೇಳಲ್ಲ. ಹೊಂಗೆಮನೆಯವರು ಬೇಜಾರು ಮಾಡ್ಕೋಬಾರ್ದು.

ಹೊಂಗೆಮನೆ, 5:58
ನನ್ನ ಪಾಳಿ ಆಯುಧಪೂಜೆಗೇ ಮುಗೀತು ಸಾರ್, ಆಮೇಲಿಂದು ನಿಮ್ಮದು. ನಾಯಿಗೆ ಶಾಕ್ ಹೊಡೆಯುತ್ತೆ ಅಂತ ದಿನಾ ಸಂಜೆ ಬೇಲಿ ಆಫ್ ಮಾಡೋ ಮಹಾನುಭಾವರು ಯಾರು ಅಂತ ನಾನೂ ಹೇಳಲ್ಲ.

ಕೆಳಮನೆ ತಾತ, 6:01
🌸 ಶುಭೋದಯ 🌸 ಕನಸಿನಲ್ಲಿ ಆನೆ ಕಂಡರೆ ಮನೆಗೆ ಲಕ್ಷ್ಮಿ ಬರುತ್ತಾಳೆ. ಹತ್ತು ಜನರಿಗೆ ಕಳಿಸಿ.

ಹಲಸಿನಮನೆ, 6:02
ತಾತಾ, ಕನಸಲ್ಲಲ್ಲ. ಬಾಳೆತೋಟದಲ್ಲಿ.

ಬೇವಿನಮನೆ, 6:04
ನಾಯಿ ವಿಷಯಕ್ಕೆ ಬರಬೇಡಿ. ನಾನು ಆಫ್ ಮಾಡಿದ್ರೆ ವಾಪಸ್ ಆನ್ ಮಾಡ್ತೀನಿ. ನಿನ್ನೆ ನಾನು ಊರಲ್ಲೇ ಇರಲಿಲ್ಲ.

ಬೇವಿನಮನೆ, 6:05
ಅಲ್ಲದೆ ಆನೆಗೆ ಬೇಲಿ ಆನ್ ಇದ್ರೂ ಲೆಕ್ಕ ಇಲ್ಲ. ದಂತಕ್ಕೆ ಶಾಕ್ ಹೊಡೆಯಲ್ಲ, ಅದರಲ್ಲೇ ತಂತಿ ಕೀಳುತ್ತೆ. ಇಲ್ಲ ಅಂದ್ರೆ ಮರದ ಕೊಂಬೆ ಎತ್ತಿ ಹಾಕುತ್ತೆ. ಕನಕಪುರದ ಕಡೆ ಯಾವ ರೈತನನ್ನ ಬೇಕಾದ್ರೂ ಕೇಳಿ.

ನೆಲ್ಲಿಮನೆ, 6:30
ಜಗಳ ಆಮೇಲೆ ಆಡಿ. ಇಬ್ಬರು ಆಳು ಹಿಡಿದು ಇವತ್ತೇ ಪೂರ್ವದ ಬದಿ ಸವರಿಸೋಣ, ಮನೆಗೆ 500 ಹಾಕಿ. ಒಪ್ಪಿದೋರು 👍 ಒತ್ತಿ.

ಹೊಂಗೆಮನೆ 👍 ಹಲಸಿನಮನೆ 👍 ಕೆಳಮನೆ ತಾತ 🙏🌸

ಮೇಷ್ಟ್ರು, 6:47
ಕ್ಷಮಿಸಿ, 👍 ಎಣಿಸೋದು ನಾವು ಒಪ್ಪಿಕೊಂಡ ಪದ್ಧತಿ ಅಲ್ಲ. ನಾವು ಒಪ್ಪಿದ್ದು ಕ್ರೈಸ್ತರಲ್ಲೊಂದು ಪಂಥವಾದ ಕ್ವೇಕರರ ಪದ್ಧತಿ, ಅವರ ಸಭೆಯಲ್ಲಿ ಮತ ಹಾಕಿಸಲ್ಲ. ಮೊದಲು ಎಲ್ಲರೂ ಮೌನವಾಗಿ ಕೂರ್ತಾರೆ, ಆಮೇಲೆ ಒಬ್ಬೊಬ್ಬರೇ ಮಾತಾಡ್ತಾರೆ. ಸಭೆಯ ಮನಸ್ಸು ಎತ್ತ ವಾಲಿದೆ ಅಂತ ಸಭೆ ನಡೆಸೋ ಕ್ಲರ್ಕ್ ಅಲ್ಲೇ ಬರೆದು ಓದ್ತಾರೆ. ಒಬ್ಬರಿಗೆ ಗಟ್ಟಿ ತಕರಾರಿದ್ರೂ ಕಾಯ್ತಾರೆ. ಹೀಗೇ ನಡೆಸೋಣ ಅಂತ ತಾನೇ ನಾವೆಲ್ಲ ಇಲ್ಲಿಗೆ ಬಂದಿದ್ದು?

ಬೇವಿನಮನೆ, 6:52
ಮೇಷ್ಟ್ರೇ, ನೀವೇ ಕೊಟ್ಟ ಪುಸ್ತಕ ಓದಿದೀನಿ. ಗುಲಾಮಗಿರಿ ತಪ್ಪು ಅಂತ ಅಮೆರಿಕದ ಜರ್ಮನ್‌ಟೌನಿನ ಕ್ವೇಕರರು ಬರೆದುಕೊಟ್ಟಿದ್ದು 1688ರಲ್ಲಿ. ಸದಸ್ಯರು ಗುಲಾಮರನ್ನ ಇಟ್ಕೋಬಾರ್ದು ಅಂತ ಫಿಲಡೆಲ್ಫಿಯಾದ ವಾರ್ಷಿಕ ಸಭೆ ತೀರ್ಮಾನಿಸಿದ್ದು 1776ರಲ್ಲಿ. ಎಂಬತ್ತೆಂಟು ವರ್ಷ! ಆನೆ ಅಷ್ಟು ಕಾಯಲ್ಲ.

ನೆಲ್ಲಿಮನೆ, 6:53
😂😂

ಮೇಷ್ಟ್ರು, 7:10
ಆ ವರ್ಷಗಳಲ್ಲಿ ಯಾರೂ ಸುಮ್ನೆ ಕೂತಿರಲಿಲ್ಲ. ಜಾನ್ ವುಲ್ಮನ್ ಅಂತ ಒಬ್ಬ ದರ್ಜಿ. ಗುಲಾಮರನ್ನ ಇಟ್ಟುಕೊಂಡಿದ್ದ ತನ್ನದೇ ಪಂಥದವರ ಮನೆಗಳಿಗೆ ಹೋಗಿ ಎದುರಿಗೆ ಕೂತು ಮಾತಾಡ್ತಿದ್ದ. ವರ್ಷಗಟ್ಟಲೆ. 1772ರಲ್ಲಿ ತೀರಿಕೊಂಡ, ತೀರ್ಮಾನ ಆದದ್ದು ಅವನು ಹೋದ ಮೇಲೆ.

ಬೇವಿನಮನೆ, 7:11
ನಾನು ಹೇಳಿದ್ದೂ ಅದನ್ನೇ.

ಹೊಂಗೆಮನೆ, 8:25
ಫಾರೆಸ್ಟ್ ಗಾರ್ಡ್ ಬಂದಿದ್ರು, ಫೋಟೋ ತಗೊಂಡ್ರು. ಬೆಳೆ ಪರಿಹಾರಕ್ಕೆ ಅರ್ಜಿ ಹಾಕಿ, ಜೊತೆಗೆ ಪಹಣಿ ಲಗತ್ತಿಸಿ ಅಂದ್ರು. ಬಾಳೆ ಹಲಸಿನಮನೆ ಅಕ್ಕನದು, ಪಹಣೀಲಿ ಅವರ ಹೆಸರೇ ಇಲ್ಲವಲ್ಲ?

ಹಲಸಿನಮನೆ, 8:31
ಏನು? ದುಡ್ಡು ಕೊಟ್ಟಿಲ್ವಾ ನಾನು?

ಹೊಂಗೆಮನೆ, 8:36
ಕೊಟ್ಟಿದೀರ ಅಕ್ಕಾ. ನಾವು ಕೊಂಡಾಗ ರೈತ ಕುಟುಂಬದವರಲ್ಲದೆ ಬೇರೆಯವರು ಕೃಷಿ ಜಮೀನು ತಗೊಳ್ಳೋ ಹಾಗಿರಲಿಲ್ಲ, ಸಂಘ ಸಂಸ್ಥೆ ಹೆಸರಿಗೂ ಭೂ ಸುಧಾರಣಾ ಕಾಯ್ದೆಯ 79ಬಿ ಕಲಮು ಅಡ್ಡ ಇತ್ತು. ಅದಕ್ಕೇ ನಮ್ಮ ಮೂರು ಮನೆ ಹೆಸರಲ್ಲಿ ಆಯ್ತು. 2020ರಲ್ಲಿ ಆ ಕಲಮು ತೆಗೆದ್ರು. ಆಮೇಲೆ ಸೇರಿಸೋಣ ಸೇರಿಸೋಣ ಅಂತ...

ಬೇವಿನಮನೆ, 8:37
ಇದನ್ನೆಲ್ಲ ಗ್ರೂಪಲ್ಲಿ ಬರೀಬೇಡಿ!! ಡಿಲೀಟ್ ಮಾಡಿ!

ನೆಲ್ಲಿಮನೆ, 8:38
ಸ್ಕ್ರೀನ್‌ಶಾಟ್ ತಗೊಂಡೆ. ನನ್ನ ಹೆಸರೂ ಇಲ್ಲ.

ಮೇಷ್ಟ್ರು, 8:55
ನಾನಿದ್ದ ಪೆನ್ಸಿಲ್ವೇನಿಯಾದ ಬ್ರಿನ್ ಗ್ವೆಲೆಡ್‌ನಲ್ಲಿ ಈ ತೊಡಕೇ ಇರಲಿಲ್ಲ. ಅದೂ ನಮ್ಮ ಹಾಗೇ ಜನ ಸೇರಿ ಕಟ್ಟಿಕೊಂಡ ವಸತಿ, ಕ್ವೇಕರರ ಪ್ರೇರಣೆಯಿಂದ 1940ರಲ್ಲಿ ಶುರುವಾದದ್ದು, 240 ಎಕರೆ. ನೆಲವೆಲ್ಲ ಎಲ್ಲರೂ ಸೇರಿದ ಸಂಸ್ಥೆಯದು. ಮನೆಗೆ ಸುಮಾರು ಎರಡೆರಡು ಎಕರೆ ಗುತ್ತಿಗೆ ಸಿಗುತ್ತೆ, ಕಟ್ಟಿದ ಮನೆ ಮಾತ್ರ ಸ್ವಂತ.

ನೆಲ್ಲಿಮನೆ, 8:57
ಅಲ್ಲಿ ಆನೆನೂ ಇಲ್ಲ, ಮೂರು ಮನೆ ಹೆಸರಿನ ಪಹಣಿನೂ ಇಲ್ಲ.

ಹಲಸಿನಮನೆ, 9:03
ಭಾನುವಾರ ಸಭೆ ಕರೀರಿ. ನನಗೆ ಪರಿಹಾರದ ದುಡ್ಡು ಮುಖ್ಯ ಅಲ್ಲ. ನಾಳೆ ಆ ಮೂರು ಮನೆಯವರ ಮಕ್ಕಳು ಬಂದು ಇದು ನಮ್ಮ ಆಸ್ತಿ ಅಂದ್ರೆ ನಾನೆಲ್ಲಿಗೆ ಹೋಗ್ಲಿ?

ಬೇವಿನಮನೆ, 9:05
ನನ್ನ ಮಗನ ಮೇಲೆ ಅನುಮಾನವಾ ನಿಮಗೆ?

ಮೇಷ್ಟ್ರು, 9:40
ಭಾನುವಾರ ಬೆಳಗ್ಗೆ 10ಕ್ಕೆ, ಹುಣಸೆಮರದ ಕೆಳಗೆ. ವಿಷಯ: ಪಹಣಿಗೆ ಹೆಸರು ಸೇರಿಸುವುದು. ವಕೀಲರೂ ಬರ್ತಾರೆ. ಸಮಯ ಉಳಿದ್ರೆ ಬೇಲಿ. ಮೊದಲ ಹತ್ತು ನಿಮಿಷ ಎಂದಿನಂತೆ ಮೌನ.

ಬೇವಿನಮನೆ, 9:41
ವಕೀಲರು ಗಂಟೆ ಲೆಕ್ಕದಲ್ಲಿ ತಗೊಳ್ತಾರೆ ಮೇಷ್ಟ್ರೇ. ಮೌನಕ್ಕೂ ದುಡ್ಡು ಕೊಡ್ಬೇಕಾ?